ತೊಡೆಯ ಲೆಕ್ಕ

ಹನ್ನೊಂದು ದಿನ ಮಂಜುಗಡ್ಡೆಯ ತುಂಡೊಂದರ ಮೇಲೆ ತೇಲಿ
ಬದುಕಿ ಬಂದ ಒಟೋನಿಯೆಲ್.
ಉಪೆರ್ನಾವಿಕ್‌ನ ಆಸ್ಪತ್ರೆಯಲ್ಲಿ ಡೇನಿಷ್ ನರ್ಸು ರಗ್ನಿಲ್
ಬೆರಳು ಚುಚ್ಚಿ ಯಂತ್ರಕ್ಕೊಂದು ಹನಿ ಕುಡಿಸಿದಳು.
ಮೂರು ಪಾಯಿಂಟ್ ಏಳು.
"ಕಡಿಮೆ. ಆದರೆ ಇದೆ."

ನಾನು ದುಭಾಷಿ.
ಅವಳ ಮಾತನ್ನು ಇವರ ಮಾತಿಗೆ ಹೊರುವುದು ಕೆಲಸ,
ತಿಂಗಳ ಸಂಬಳ, ಜೊತೆಗೆ ಊಟದ ಚೀಟಿ.

ಹೆಂಡತಿ ಎಖಿಲಾನಾ ಕಂಬಳಿ ಸರಿಸಿ
ಗಂಡನ ತೊಡೆಯನ್ನು ಎರಡೂ ಕೈಯಿಂದ ಬಳಸಿ ಹಿಡಿದಳು.
ಬೆರಳಿಗೆ ಬೆರಳು ತಾಗಿತು.
"ಕೇಳು ಅವಳನ್ನು. ಇಲ್ಲಿದ್ದದ್ದು ಎಲ್ಲಿಗೆ ಹೋಯಿತು?"

ರಗ್ನಿಲ್ ಸ್ಟೂಲೆಳೆದು ಕೂತು ಹೇಳಿದಳು, ನಾನು ಹೊತ್ತೆ:
ಯಕೃತ್ತಿನ ದಾಸ್ತಾನು ಮೊದಲ ದಿನವೇ ಬರಿದು.
ಕೊಬ್ಬಿತ್ತು, ಉರಿಯಿತು. ಆದರೆ ಕೊಬ್ಬು
ಎಷ್ಟು ಕಾಯಿಸಿದರೂ ಸಕ್ಕರೆಯಾಗದು,
ಬೆನ್ನೆಲುಬಿನ ಚೂರೊಂದು ಬಿಟ್ಟರೆ.
ಕೆಂಪು ರಕ್ತಕಣಕ್ಕೋ ಸಕ್ಕರೆಯೇ ಆಗಬೇಕು.
ತಲೆ ಅರ್ಧ ಹಟ ಬಿಟ್ಟಿತು,
ಇನ್ನರ್ಧ ಬಿಡಲಿಲ್ಲ. ಹೊಟ್ಟೆಗಿಲ್ಲದಿದ್ದರೂ ಅದಕ್ಕೆ ಬೇಕು.

ಆಗ ತೊಡೆ ತನ್ನನ್ನೇ ಎಳೆ ಎಳೆಯಾಗಿ ಬಿಚ್ಚಿತು.
ಬಿಚ್ಚಿದ ಅಮೈನೋ ಆಮ್ಲ ಅಲನಿನ್ನಿನ ವೇಷದಲ್ಲಿ
ರಕ್ತದಲ್ಲಿ ತೇಲಿ ಯಕೃತ್ತಿನ ಬಾಗಿಲಿಗೆ ಬಂತು.
ಹೆಗಲ ಮೇಲಿನ ಸಾರಜನಕ ಇಳಿಸಿ,
ಮೂರು ಇಂಗಾಲಕ್ಕೆ ಮೂರು ಇಂಗಾಲ ಹೊಲಿದು ಆರು ಮಾಡಿ
ಹೊರಗೆ ಕಳಿಸಿತು ಯಕೃತ್ತು: ಗ್ಲೂಕೋಸ್.
ಲ್ಯೂಸಿನ್, ಲೈಸಿನ್ ಎಂಬೆರಡು ಮಾತ್ರ
ಜಪ್ಪಯ್ಯ ಅಂದರೂ ಸಕ್ಕರೆಯಾಗಲಿಲ್ಲ.

ಸಾರಜನಕಕ್ಕೆ ನನಗೆ ಮಾತು ಸಿಗಲಿಲ್ಲ.
ಮಾಂಸದೊಳಗಿನ ಗಾಳಿ, ಅಂದೆ.
"ಆ ಗಾಳಿ?"
ಉಚ್ಚೆಯಲ್ಲಿ ಹೋಯಿತು, ಅಜ್ಜಿ.
ಕಣ್ಣು ಮುಚ್ಚಿದ್ದ ಒಟೋನಿಯೆಲ್ ನಕ್ಕ:
"ಹಿಮದಲ್ಲಿ ಹಳದಿ ತೂತು. ದಿನ ಎಣಿಸಿದ್ದೇ ಅದರಿಂದ."

ಎಖಿಲಾನಾ ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ ನರ್ಸಿಗಲ್ಲ, ತೊಡೆಗೆ ಹೇಳಿದಳು:
"ಸೀಲ್ ಸಿಗದ ಒಂದು ಚಳಿಗಾಲ
ಹಿಮ ಕರಗಿಸಿ ಕುಡಿಯಲು ಬೆಂಕಿಯಿಲ್ಲ.
ಅಪ್ಪ ನಾಯಿಬಂಡಿಯನ್ನೇ ಒಡೆದ.
ಮೊದಲು ಅಡ್ಡಪಟ್ಟಿ, ಆಮೇಲೆ ಹಿಡಿಕೆ.
ಕೆಳಗಿನ ಎರಡು ಜಾರುಮರ ಮಾತ್ರ
ಯಾರಿಗೂ ಮುಟ್ಟಗೊಡಲಿಲ್ಲ.
ರಾತ್ರಿ ಅವುಗಳ ಮೇಲೇ ಮಲಗುತ್ತಿದ್ದ."

ಇದನ್ನು ಡೇನಿಷಿಗೆ ಹೇಗೆ ಹೊರಲಿ?
"ಅರ್ಥವಾಯಿತಂತೆ," ಅಂದೆ.
ದಾರಿಯಲ್ಲಿ ಏನೋ ಇಳಿದು ಹೋಯಿತು.

ಅವಳು ಚೀಲದಿಂದ ಸೀಲ್ ಸಾರಿನ ಡಬ್ಬಿ ತೆಗೆದಳು.
ರಗ್ನಿಲ್ ಕಿರುಬೆರಳಿನ ತುದಿ ಹಿಡಿದು ತೋರಿಸಿದಳು,
ಇಷ್ಟೇ, ಇವತ್ತಿಗೆ ಇಷ್ಟೇ.
ಅದಕ್ಕೆ ನಾನು ಬೇಕಾಗಲಿಲ್ಲ.