ಬ್ಲೆಂಕರ್ಬಿಯಲ್ಲಿ ಇಳಿಯುವವರು

ನಲವತ್ತನೇ ಇಸವಿಯ ಬೇಸಿಗೆಯಲ್ಲಿ ಹಲಗೆ ಕಳಚಿದರು:
ಆಕಾಶದಿಂದಿಳಿದ ಶತ್ರುವಿಗೆ
ತಾನೆಲ್ಲಿದ್ದೇನೆಂದು ತಿಳಿಯಬಾರದಲ್ಲ.
ಲಿಂಕನ್‌ಶೈರಿನ ಬಯಲಿಗೆ ಹೆಸರೇ ಇಲ್ಲವಾಯಿತು.
ದೀಪಕ್ಕೂ ಮುಸುಕು.

ಕೂಗಿ ಹೇಳು, ಎಂದರು ಪೋರ್ಟರ್ ಹೆಡ್ಲಿ ಮ್ಯಾಡಿಸನ್‌ಗೆ.
ಅವನೋ ಉಗ್ಗುವವನು.
ಆರು ವರ್ಷ ಆಲೂಗಡ್ಡೆ ಮೂಟೆ ಹೊತ್ತದ್ದೇ
ಮೂಟೆಗೆ ಮಾತು ಬೇಡವೆಂದು.

‘ಬ್ಲೆ... ಬ್ಲೆ...’
ಕುರಿ ವ್ಯಾಗನ್ನಿನಿಂದ ಉತ್ತರ ಬಂತು,
ಡಬ್ಬಿಯೊಳಗೆ ನಗು.
ಗಾರ್ಡ್ ಸೀಟಿ ಊದಿದ. ಅರ್ಧ ಹೆಸರು
ಹಳಿಯ ಮೇಲೇ ಬಿದ್ದಿತ್ತು.
ಮೊದಲ ವಾರ ನಾಲ್ವರು ಮುಂದಿನ ಸ್ಟೇಷನ್ನಿನಿಂದ
ಬೈಯುತ್ತ ನಡೆದು ಬಂದರು.

ಆಮೇಲೆ, ಅಮ್ಮ ಹೇಳುತ್ತಿದ್ದಳು,
ನಿದ್ದೆಗಣ್ಣಿಗೂ ಗೊತ್ತಾಗುತ್ತಿತ್ತು.
ಬೇರೆ ಊರುಗಳೆಲ್ಲ ಒಂದೇ ಉಸಿರಿನ ಕೂಗು;
ಎಲ್ಲಿ ಕತ್ತಲೆ ತಡವರಿಸುತ್ತದೋ
ಅದು ನಮ್ಮೂರು, ಇಳಿ.

ಯುದ್ಧ ಮುಗಿದು ಹಲಗೆ ಬಂತು,
ಇಪ್ಪತ್ತು ವರ್ಷಕ್ಕೆ ಹಳಿ ಹೋಯಿತು.
ಪ್ಲಾಟ್‌ಫಾರ್ಮಿದ್ದಲ್ಲಿ ಈಗ ಸಕ್ಕರೆ ಬೀಟು.
ಹಲಗೆ ಲೌತ್‌ನಲ್ಲಿ, ಯಾರದೋ ಗ್ಯಾರೇಜಿನ ಗೋಡೆಯಲ್ಲಿದೆ,
ಬಿಳಿ ಅಕ್ಷರ, ಹೊಸ ಬಣ್ಣ.
ಒಂದೇ ಸಲಕ್ಕೆ ಓದಿಬಿಟ್ಟೆ,
ತಡೆಯಿಲ್ಲದೆ.
ಇಳಿಯಬೇಕೆನ್ನಿಸಲಿಲ್ಲ.