ತೂಕದ ಪುಸ್ತಕ

ಬೆಳಿಗ್ಗೆ ಐದೂವರೆಗೆ ಹಾಸ್ಟೆಲಿನ ಕಾರಿಡಾರಿನಲ್ಲಿ
ತೂಕದ ಯಂತ್ರ ಕಣ್ಣು ಬಿಡುತ್ತಿತ್ತು.
ಕೆಂಪು ಅಂಕಿ, ಎರಡು ಮಿಟುಕು, ಆಮೇಲೆ ತೀರ್ಪು.
ನಾನು ಓಡುವವಳಲ್ಲ. ತಂಡಕ್ಕೆ ನೀರು ತುಂಬಿಸುವ,
ಗಡಿಯಾರ ಒತ್ತುವ, ಬೆವರಿನ ಅಂಗಿ ಒಣಹಾಕುವ ಹುಡುಗಿ.
ತೂಕದ ಪುಸ್ತಕ ನನ್ನ ಪಾಲಿಗೆ.

ಹನ್ನೊಂದು ಜನ, ಬರಿಗಾಲು.
ಒಬ್ಬೊಬ್ಬಳೂ ಏರುವ ಮುಂಚೆ ಉಸಿರು ಹೊರಹಾಕುವಳು,
ಉಸಿರಿಗೂ ಭಾರವಿದೆ ಎಂಬಂತೆ.
ಕೋತೊನೊ ಜಡೆ ಬಿಚ್ಚಿ
ರಬ್ಬರ್ ಬ್ಯಾಂಡನ್ನೂ ನನ್ನ ಕೈಗಿಟ್ಟು ಏರುತ್ತಿದ್ದಳು.
ನಲವತ್ತೊಂದು. ನಲವತ್ತು ಪಾಯಿಂಟ್ ಆರು.
ಇವಾಶಿತಾ ಮೇಷ್ಟ್ರು ತಲೆದೂಗಿದರೆ ಆ ದಿನ ಹಬ್ಬ.
ಹಗುರಾದವರನ್ನು ಗಾಳಿಯೇ ಎತ್ತಿಕೊಂಡು ಹೋಗುತ್ತದೆ, ಅನ್ನುವರು.
ಕೆಟ್ಟವರೇನಲ್ಲ. ಮಳೆಯಲ್ಲಿ ನಮ್ಮ ಜೊತೆಗೇ ನೆನೆದವರು.
ಅವರಿಗೂ ಯಾರೋ ಹೀಗೇ ಹೇಳಿಕೊಟ್ಟಿದ್ದರು.

ಊಟದ ಮನೆಯಲ್ಲಿ ಅವಳ ಅನ್ನ
ಮೇಜಿನಡಿಯ ಕಳ್ಳದಾರಿಯಲ್ಲಿ ನನ್ನ ಬಟ್ಟಲಿಗೆ ಬರುತ್ತಿತ್ತು.
ಮೊದಲು ಒಂದು ತುತ್ತು. ಚಳಿ ಬರುವ ಹೊತ್ತಿಗೆ ಅರ್ಧ.
ಅಡುಗೆಯ ಹಿರೋಸೆ ಅಜ್ಜಿಗೆ ಖಾಲಿ ಬಟ್ಟಲು ಕಂಡರೆ ಸಂತೋಷ:
ಓಡುವ ಮಕ್ಕಳು, ತಿನ್ನಲಿ ಪಾಪ.
ನಾನು ದಪ್ಪಗಾದೆ. ನನ್ನನ್ನು ಯಾರೂ ತೂಗಲಿಲ್ಲ.

ಬಚ್ಚಲ ಮೇಲಿನ ಗೂಡಿನಲ್ಲಿ ಒಬ್ಬೊಬ್ಬಳ ಹೆಸರಿನ ಚೀಲ.
ಅವಳದರೊಳಗೆ, ಹೋದ ವರ್ಷ ತಂದ ಪ್ಯಾಡಿನ ಪೊಟ್ಟಣ,
ಅಂಟು ಬಿಚ್ಚಿಲ್ಲ.
ಮೇಲೆ ಕಿರಿಶಿಮಾ ಬೆಟ್ಟ ಉಗುಳಿದ ಬೂದಿ;
ನಮ್ಮ ಮಿಯಾಝಾಕಿಯಲ್ಲಿ ಅದು ಎಲ್ಲದರ ಮೇಲೂ ಕೂರುತ್ತದೆ.
ಪೀಡೆ ತೊಲಗಿತು, ಎಂದು ನಕ್ಕಳು.
ನಿಂತಿತು ಅಂದರೆ ಅಭ್ಯಾಸ ಮೈಗೆ ಹತ್ತಿತು ಅಂತ,
ಹಿಂದಿನ ವರ್ಷದ ಅಕ್ಕಂದಿರು ಹೇಳಿ ಹೋಗಿದ್ದರು.
ನನ್ನ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ನವೆಂಬರಿನ ರಿಲೇ. ಮೊದಲ ಆರು ಕಿಲೋಮೀಟರು ಅವಳದು.
ಹೆಗಲಿಂದ ಸೊಂಟಕ್ಕೆ ಇಳಿದ ನೇರಳೆ ಪಟ್ಟಿ;
ಸಡಿಲವಾಯಿತೆಂದು ಹಿಂದಿನ ರಾತ್ರಿ ನಾನೇ
ಎರಡು ಸಲ ಮಡಚಿ ಹೊಲಿದಿದ್ದೆ.
ಗೆಣಸಿನ ಹೊಲ, ಪೆಟ್ರೋಲ್ ಬಂಕು, ಸೇತುವೆ.
ಸೇತುವೆ ಇಳಿಯುವಾಗ ಕಾಲೊಳಗೆ ಸದ್ದಾಯಿತಂತೆ,
ತೀರ ಸಣ್ಣದು,
ಪಕ್ಕದ ಕೋಣೆಯಲ್ಲಿ ಯಾರೋ ಚಿಲಕ ಹಾಕಿಕೊಂಡ ಹಾಗೆ.
ಇನ್ನೂ ನಾನೂರು ಮೀಟರು ಉಳಿದಿತ್ತು.
ಅದನ್ನವಳು ಹೇಗೆ ದಾಟಿದಳೋ ನಾನು ಬರೆಯಲಾರೆ.
ಪಟ್ಟಿ ಮುಂದಿನವಳ ಕೈಗೆ ಬಿತ್ತು.
ಮುಟ್ಟಿದಳು! ಮುಟ್ಟಿದಳು! ಮೈಕು ಕೂಗಿತು.
ಮುಟ್ಟು ನಿಂತು
ಹದಿನಾಲ್ಕು ತಿಂಗಳಾಗಿತ್ತು.

ಡಾಕ್ಟರ್ ನಾಗಮಿ ಎಕ್ಸ್‌ರೇ ಬೆಳಕಿಗೆ ಹಿಡಿದರು.
ಹುಡುಗಿಗೆ ಹದಿನೇಳು, ಮೂಳೆಗೆ ಎಪ್ಪತ್ತು, ಅಂದರು.
ಕೊನೆಯ ಸಲ ಯಾವಾಗ ಆಗಿದ್ದು?
ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು.
ಕೋತೊನೊ ನನ್ನ ಮುಖ ನೋಡಿದಳು.
ಹೋದ ಸೆಪ್ಟೆಂಬರಿನ ಹಿಂದಿನ ಸೆಪ್ಟೆಂಬರು,
ಶಾಲೆಯ ಕ್ರೀಡಾ ದಿನದ ಮುನ್ನಾ ದಿನ, ಅಂದೆ.
ನನಗೆ ಗೊತ್ತಿತ್ತು. ತಿಂಗಳು ತಿಂಗಳೂ ಗೊತ್ತಿತ್ತು,
ಪೆನ್ಸಿಲ್ ಕೈಯಲ್ಲೇ ಇತ್ತು.
ಡಾಕ್ಟರು ಬಯ್ಯಲಿಲ್ಲ. ಮೇಷ್ಟ್ರ ಬೆನ್ನಿಗೆ ಹೇಳಿದರು:
ಸೌದೆ ಮುಗಿದಿದೆ, ಒಲೆ ಆರಬಾರದು ಅಂತ
ಮನೆಯ ತೊಲೆ ಕಿತ್ತು ಉರಿಸಿದ್ದೀರಿ.

ಯಂತ್ರ ಈಗ ಉಗ್ರಾಣದಲ್ಲಿದೆ, ಹಳೆಯ ಬಾವುಟಗಳ ಕೆಳಗೆ.
ಕೆಲವರು ಗುಟ್ಟಾಗಿ ಹೋಗಿ ಹತ್ತಿ ಬರುವುದು
ನೆಲದ ಬೂದಿಯ ಮೇಲಿನ ಹೆಜ್ಜೆಯಲ್ಲಿ ಕಾಣುತ್ತದೆ.
ಫೆಬ್ರವರಿಯ ಒಂದು ರಾತ್ರಿ ಎರಡೂವರೆಗೆ
ಬಾಗಿಲು ಬಡಿದಳು, ಊರುಗೋಲಿನಲ್ಲೇ:
ಹೊಟ್ಟೆ ನೋವು ಕಣೇ, ಒಂದು ಪ್ಯಾಡು ಕೊಡು.
ಮುಖ ಗಂಟಿಕ್ಕಿತ್ತು. ಇಬ್ಬರೂ ನಗಲಿಲ್ಲ.
ಅವಳು ಮಲಗಿದ ಮೇಲೆ ಪುಸ್ತಕ ತೆಗೆದು
ಗೆರೆ ಇಲ್ಲದ ಅಂಚಿನಲ್ಲಿ ತಾರೀಕು ಬರೆದೆ.

ಇನ್ನೂ ಓಡುತ್ತಿಲ್ಲ ಅವಳು.
ಕೆಲವು ದಿನ ಮೇಜಿನಡಿಯಲ್ಲಿ ಅವಳ ಬಟ್ಟಲು
ನನ್ನ ಮೊಣಕಾಲಿಗೆ ಬಂದು ತಾಗುತ್ತದೆ, ಬಿಸಿ ಬಿಸಿ.
ನಾನು ಕೈ ಚಾಚುವುದಿಲ್ಲ.