ಉಪ್ಪಿನ ಲೆಕ್ಕ

ಅಪ್ಪ ಹಡಗು ಹತ್ತಿದ ರಾತ್ರಿಯೇ
ಅಮ್ಮ ಹೊಸ ಪುಸ್ತಕ ತೆರೆಯುತ್ತಿದ್ದಳು.
ಸಿಮೆಂಟಿನಂಗಡಿಯ ಹಳೆಯ ರಸೀತಿಗಳ ಬೆನ್ನು,
ಗೋಣಿದಾರದ ಹೊಲಿಗೆ,
ತುದಿಗೆ ಕಟ್ಟಿದ ಗೇಣುದ್ದದ ಪೆನ್ಸಿಲ್ಲು.
ಅಪ್ಪ ಮರಳುವ ಹೊತ್ತಿಗೆ ಅದು
ಹೆಬ್ಬೆರಳಷ್ಟು ಉಳಿದಿರುತ್ತಿತ್ತು.

ಆರು ತಿಂಗಳು.
ನ್ಯೂಫೌಂಡ್‌ಲ್ಯಾಂಡಿನ ಮಂಜಿನಲ್ಲಿ ಅವನು
ಒಬ್ಬನೇ ಪುಟ್ಟ ದೋಣಿಯಲ್ಲಿ ಕೂತು ಕಾಡ್ ಮೀನಿಗೆ ಗಾಳ ಬಿಡುತ್ತಿದ್ದ.
ಇಲ್ಲಿ ಅವೈರೊದ ಕಾಲುವೆ ದಂಡೆಯ ಒಂದೂವರೆ ಕೋಣೆಯಲ್ಲಿ
ಅವನು ಪಡೆದ ಮುಂಗಡವನ್ನು ಅಮ್ಮ
ಹರಿಯದ ಹಾಗೆ ಲಟ್ಟಿಸುತ್ತಿದ್ದಳು,
ಏಪ್ರಿಲ್‌ನಿಂದ ಅಕ್ಟೋಬರಿನ ಅಂಚಿನವರೆಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸುಲಭ.
ನಮ್ಮ ಹಾಸಿಗೆಯಲ್ಲಿ ಮೂರು ಜೊತೆ ಕಾಲಿದ್ದವು.
ಅಡೆರಿತು ನಿದ್ದೆಯಲ್ಲಿ ಒದೆಯುತ್ತಿದ್ದ.

ಶನಿವಾರದ ಬ್ರೆಡ್ಡು ಮಂಗಳವಾರಕ್ಕೆ ಕಲ್ಲು.
ಅಮ್ಮ ಅದಕ್ಕೇ ಕಾದಿದ್ದಳೇನೋ ಅನ್ನುವ ಹಾಗೆ
ಜಜ್ಜಿದ ಬೆಳ್ಳುಳ್ಳಿ, ಹಿಡಿ ಕೊತ್ತಂಬರಿ, ಕುದಿನೀರು,
ಮೇಲೆ ಎಣಿಸಿ ಮೂರು ಹನಿ ಆಲಿವ್ ಎಣ್ಣೆ.
"ಹೊಸ ಬ್ರೆಡ್ಡಿಗೆ ಈ ರುಚಿ ಎಲ್ಲಿಂದ ಬಂದೀತು?"
ನಾವು ನಂಬಿದೆವು.
ಈಗಲೂ ನಂಬುತ್ತೇನೆ, ಸಂಬಳ ಬಂದ ದಿನವೂ
ಒಂದು ಬ್ರೆಡ್ಡು ಒಣಗಲೆಂದೇ ಬಿಟ್ಟಿರುತ್ತೇನೆ.

ಅಪ್ಪನ ಕೋಟು ಬಿಚ್ಚಿ, ಒಳಮೈ ಹೊರಗೆ ಮಾಡಿ
ಅಕ್ಕ ಕುಸ್ತೋದಿಯಳಿಗೆ ಹೊಲಿದಳು.
ಎಡಕ್ಕಿದ್ದ ಎದೆಯ ಜೇಬು ಬಲಕ್ಕೆ ಬಂತು.
ಶಾಲೆಯಲ್ಲಿ ನಕ್ಕರು.
"ನನ್ನ ಹೃದಯ ಇರುವುದೂ ಬಲಕ್ಕೇ" ಎಂದು
ಅಕ್ಕ ಒಂದಿಡೀ ಚಳಿಗಾಲ ಸಾಧಿಸಿದಳು.

ತಟ್ಟೆ ತೊಳೆದ ಮೇಲೆ ಲೆಕ್ಕ. ಜ್ವರವಿರಲಿ, ಹಬ್ಬವಿರಲಿ.
ಏನು ಕೊಂಡೆವು, ಏನು ಕಳೆದೆವು,
ಒಬ್ಬೊಬ್ಬರೇ ಹೇಳಬೇಕು.
"ಒಂದು ಗುಂಡಿ" ಅಂದೆ ಒಮ್ಮೆ, ತಲೆ ತಗ್ಗಿಸಿ.
ಬಯ್ಯಲಿಲ್ಲ. ಗುಂಡಿ, ಒಂದು, ಎಂದು ಬರೆದುಕೊಂಡಳು.
ಮರುದಿನ ಬೀದಿಯುದ್ದಕ್ಕೂ ನೆಲ ನೋಡುತ್ತ ನಡೆದೆ.

ಆ ಪುಸ್ತಕಗಳು ಈಗ ನನ್ನ ಕಪಾಟಿನಲ್ಲಿವೆ,
ಎಂಬತ್ತೊಂದರ ಅಮ್ಮ ನನ್ನ ಅಡುಗೆಮನೆಯಲ್ಲಿ,
ನನ್ನ ಮಗ ಉರಿಯಬಿಟ್ಟ ದೀಪಗಳನ್ನು ಆರಿಸುತ್ತ.
ಮೊನ್ನೆ ಪುಟ ತಿರುವುವಾಗ ಕಣ್ಣಿಗೆ ಬಿತ್ತು:
ಪ್ರತಿ ತಿಂಗಳ ಕೊನೆಯ ಭಾನುವಾರ
"ಉಪ್ಪು, ಏಳು ಎಸ್ಕುಡೊ."

ಉಪ್ಪೇ? ನಮ್ಮ ಮನೆಗೆ?
ಮಾವ ಝೆಫೆರಿನೊ ದುಡಿಯುತ್ತಿದ್ದುದೇ ಉಪ್ಪಿನ ಆಗರದಲ್ಲಿ.
ಸೆಪ್ಟೆಂಬರ್ ಬಂತೆಂದರೆ ಒಂದು ಮೂಟೆ
ಬಾಗಿಲಿಗೆ ಒರಗಿಸಿ ಹೋಗುತ್ತಿದ್ದ,
ವರ್ಷವಿಡೀ ತಿಂದರೂ ತಳದಲ್ಲಿ ಉಳಿಯುತ್ತಿತ್ತು.

ಕೇಳಿದೆ. ಬಟಾಣಿ ಸುಲಿಯುವುದನ್ನು ಅವಳು ನಿಲ್ಲಿಸಲಿಲ್ಲ.
"ಬಾರ್ರಾಕ್ಕೆ ಬಸ್ಸು, ಹೋಗಿ ಬರಲು ಐದು.
ದೀಪಸ್ತಂಭದ ಹತ್ತಿರ ಒಂದು ಕಾಫಿ, ಎರಡು."
"ಅಪ್ಪನಿಗಾಗಿ ಪ್ರಾರ್ಥನೆ ಮಾಡುತ್ತಿದ್ದೆಯಾ?"
"ಇಲ್ಲಪ್ಪ. ಅದು ಚರ್ಚಿನಲ್ಲಿ, ಪುಕ್ಕಟೆ.
ಅಲ್ಲಿ ಸುಮ್ಮನೆ ಕೂರುತ್ತಿದ್ದೆ, ಒಂದು ಗಂಟೆ.
ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.
ಗಾಳಿಗೆ ತುಟಿಯೆಲ್ಲ ಉಪ್ಪುಪ್ಪು.
ಅದನ್ನೇ ಬರೆದೆ. ಲೆಕ್ಕದಲ್ಲಿ
ನಾನು ಸುಳ್ಳು ಬರೆದವಳಲ್ಲ."

ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತಾರಲ್ಲ,
ಆ ಮಾತಿನ ಮಿಕ್ಕ ಅರ್ಧವನ್ನು
ನಾನು ಬಾಯಿಬಿಟ್ಟು ಆಡಲಿಲ್ಲ.

ರಾತ್ರಿ ಮತ್ತೆ ತೆಗೆದು ನೋಡಿದೆ.
ಒಂದು ಜೂನ್ ತಿಂಗಳಲ್ಲಿ ಉಪ್ಪು ಇಲ್ಲ.
ಜುಲೈನಲ್ಲೂ ಇಲ್ಲ. ಆಗಸ್ಟಿನಲ್ಲೂ.
ಜೂನ್ ಪುಟದ ಮೇಲ್ತುದಿಯಲ್ಲಿ
ಗುಂಡಗಿನ ಅಕ್ಷರದಲ್ಲಿ ನನ್ನ ಹೆಸರು,
ಪಕ್ಕದಲ್ಲಿ: ಶೂ, ಒಂದು ಜೊತೆ.

ಭಾನುವಾರ ಅವಳನ್ನು ಬಾರ್ರಾಕ್ಕೆ ಕರೆದೊಯ್ದೆ.
ಕಾಫಿಯ ಬೆಲೆ ಕೇಳಿ ಹುಬ್ಬೇರಿಸಿದಳು,
ಆದರೂ ಕುಡಿದಳು, ತಳದ ಹನಿಯವರೆಗೆ.
ನಾನೇನೋ ಕೇಳಹೊರಟು ಸುಮ್ಮನಾದೆ.
ಏಳುವಾಗ, ಬಳಸದ ಸಕ್ಕರೆಯ ಎರಡು ಪೊಟ್ಟಣ
ಅವಳ ಕೈಚೀಲದೊಳಗೆ ಮಾಯವಾದವು.
ಗಾಳಿ ಇತ್ತು.